ನೀರಲ್ಲಿ ಮುಳುಗಿದ ಮನೆ ಎದುರು ತೆಗೆದ ಫೋಟೋ: ಅಜ್ಜಿ ಮುಖ ಬದಲಾಗದ ಹಾಗೆ ಸರಿಪಡಿಸೋದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮನೆ ದೇವರಕೋಣೆ ಬಾಗಿಲ ಮೇಲೆ ಒಂದು ಗ್ರೂಪ್ ಫೋಟೋ ಇದೆ. ಅಮ್ಮನ ತವರುಮನೆಯದು, ಕಪ್ಪು ಬಿಳುಪು, 8 ಇಂಚು 10 ಇಂಚು. ಸಾಗರ ತಾಲೂಕಿನ ಆ ಊರು ಈಗ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಶರಾವತಿ ಹಿನ್ನೀರಿನ ಅಡಿಗೆ ಹೋಯಿತು. ಮನೆ ಬಿಡಬೇಕು ಅಂತ ಗೊತ್ತಾದ ಮೇಲೆ ಅಜ್ಜ ಸಾಗರದಿಂದ ಫೋಟೋದವರನ್ನು ಕರೆಸಿ ಜಗುಲಿ ಎದುರು ಎಲ್ಲರನ್ನೂ ನಿಲ್ಲಿಸಿ ತೆಗೆಸಿದ ಫೋಟೋ ಇದು. ಹಿಂದೆ ಮುಂಡಿಗೆ (ಕೆತ್ತನೆಯ ಕಂಬ) ಕಾಣುತ್ತೆ, ಬಲಕ್ಕೆ ಅಡಕೆ ಚಪ್ಪರದ ಒಂದು ತುದಿ ಕಾಣುತ್ತೆ. ಆ ಮನೆಯದು ಅಂತ ಉಳಿದಿರೋ ಚಿತ್ರ ಇದೊಂದೇ. ಅಮ್ಮನಿಗೆ ಆಗ 9 ವರ್ಷ, ಈಗ 72.

ಫೋಟೋ ಸ್ಥಿತಿ ಹೇಳ್ತೀನಿ. ಹಿಂದೊಮ್ಮೆ ಮನೆ ಬದಲಿಸುವಾಗ ಚೌಕಟ್ಟಿನ ಗಾಜು ಸೀಳು ಬಿಟ್ಟಿತ್ತು, ಸರಿಯಾಗಿ ಅಜ್ಜಿ ಹಣೆಯ ಮೇಲೆ. ನಾವು ಯಾರೂ ಗಾಜು ಬದಲಿಸಲಿಲ್ಲ. ಪ್ರತಿ ವರ್ಷ ತಿಥಿ ದಿನ ಅಮ್ಮ ನೀರಲ್ಲಿ ಕಲಸಿದ ಕುಂಕುಮ ಹಚ್ಚೋರು. ಅದು ಸೀಳಿನಿಂದ ಒಳಗೆ ಇಳಿದು ಇಳಿದು ಈಗ ಅಜ್ಜಿಯ ಹಣೆಯಿಂದ ಮೂಗಿನ ತನಕ ಕೆಂಪು ಕಲೆ. ಅಂಚೆಲ್ಲ ಹಳದಿ. ಮಳೆಗಾಲದ ಬೂಷ್ಟು ಬೇರೆ. ಇದೆಲ್ಲಕ್ಕಿಂತ ನನಗೆ ಸಂಕಟ ಆಗಿರೋದು ಇನ್ನೊಂದು ವಿಷಯಕ್ಕೆ. ಹೋದ ತಿಂಗಳು ಗಾಜು ತೆಗೆಯೋಣ ಅಂತ ನಾನೇ ಕೂತೆ. ಫೋಟೋ ಗಾಜಿಗೆ ಅಂಟಿತ್ತು. ಎಳೆದಾಗ ಅಜ್ಜಿಯ ಗಲ್ಲದ ಹತ್ತಿರ ಹೆಬ್ಬೆರಳ ಉಗುರಿನಷ್ಟು ಜಾಗದ ಪದರ ಕಿತ್ತು ಗಾಜಿನ ಜೊತೆ ಬಂತು. ಅಲ್ಲಿಗೇ ನಿಲ್ಲಿಸಿದೆ. ಬಲಗಡೆ ಕೆಳಮೂಲೆ ಈಗಲೂ ಗಾಜಿಗೆ ಅಂಟಿಕೊಂಡೇ ಇದೆ.

ಮೊಬೈಲಲ್ಲಿ ಫೋಟೋ ತೆಗೆದು ಒಂದು ಎಐ ಆ್ಯಪ್‌ಗೆ ಹಾಕಿದೆ. ಅರ್ಧ ನಿಮಿಷದಲ್ಲಿ ಕಲೆ ಹೋಯಿತು, ಗಲ್ಲ ತುಂಬಿತು, ಎಲ್ಲ ಹೊಳೆಯೋಕೆ ಶುರು. ಖುಷಿಯಾಗಿ ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಇದು ಯನ್ನ ಆಯಿ ಅಲ್ದ, ತಮಾ" (ಇದು ನನ್ನಮ್ಮ ಅಲ್ಲ ಕಣೋ) ಅಂದರು, ಫೋನು ವಾಪಸ್ ಕೊಟ್ಟರು. ಅಜ್ಜಿಯ ಎಡಗಣ್ಣಿನ ರೆಪ್ಪೆ ಯಾವಾಗಲೂ ಸ್ವಲ್ಪ ಇಳಿದಿರ್ತಿತ್ತಂತೆ. ಆ್ಯಪ್ ಎರಡೂ ಕಣ್ಣನ್ನು ಒಂದೇ ಸಮ ಅಗಲ ಮಾಡಿದೆ. ಬಾಯಿ ಮುಚ್ಚಿಕೊಂಡು ನಿಂತಿದ್ದ ಹೆಂಗಸಿಗೆ ಸಣ್ಣ ನಗು ಬೇರೆ ಕೊಟ್ಟಿದೆ.

ನಾನು ಅಜ್ಜಿಯನ್ನು ನೋಡಿಲ್ಲ. ಅಮ್ಮ ನೋಡದೆ ಇದ್ದಿದ್ದರೆ ನಾನು ಅದನ್ನೇ ಚೌಕಟ್ಟು ಹಾಕಿಸಿ ಮಕ್ಕಳಿಗೆ "ಇವರೇ ನಿಮ್ಮ ಮುತ್ತಜ್ಜಿ" ಅಂತ ಹೇಳಿಕೊಡ್ತಿದ್ದೆ. ಅದನ್ನು ನೆನೆಸಿಕೊಂಡು ಎರಡು ದಿನ ನಿದ್ದೆ ಬಂದಿಲ್ಲ. ಕಲೆ ಹೋಗಬೇಕು, ಆದರೆ ಅಜ್ಜಿ ಅಜ್ಜಿಯಾಗೇ ಉಳಿಯಬೇಕು. ಹೇಗೆ? ನನಗೆ ಕಂಪ್ಯೂಟರ್ ಬಳಕೆ ಇದೆ, ಫೋಟೋ ಎಡಿಟಿಂಗ್ ಗೊತ್ತಿಲ್ಲ. ಕಲಿಯೋಕೆ ತಯಾರಿದ್ದೀನಿ.

ಉತ್ತರ 1

ಅಣ್ಣಾ, ಎಐ ಪೂರ್ತಿ ಬಿಡಬೇಕಾಗಿಲ್ಲ. ಜಾಗ ನೋಡಿ ಬಳಸಿ. ಗೋಡೆ, ಅಂಗಳ, ಆಕಾಶದ ಮೇಲಿನ ಚುಕ್ಕೆ ಗೆರೆ ತೆಗೆಯೋಕೆ ಅದು ಚೆನ್ನಾಗಿ ಕೆಲಸ ಮಾಡುತ್ತೆ. ಮುಖಗಳಿಗೆ ಮಾತ್ರ ಮಾಸ್ಕ್ ಹಾಕಿ, ಅಂದರೆ ಎಐ ಮುಟ್ಟದ ಹಾಗೆ ಆ ಜಾಗ ಮುಚ್ಚಿ, ಬಿಟ್ಟುಬಿಡಿ. 2021ರಲ್ಲಿ ಬಂದ ಜಿಎಫ್‌ಪಿ-ಗ್ಯಾನ್ ಥರದ ಮುಖ ಸರಿಪಡಿಸುವ ಮಾಡೆಲ್‌ಗಳಿಗೆ ಸಾವಿರಾರು ಮುಖಗಳನ್ನು ತೋರಿಸಿ ಕಲಿಸಿರ್ತಾರೆ. ಮಸುಕಾದ ಜಾಗದಲ್ಲಿ ಅವು ಹಳೇದನ್ನು ಹುಡುಕಿ ತೆಗೆಯಲ್ಲ, ಕಲಿತ ಮುಖಗಳ ಲೆಕ್ಕದಲ್ಲಿ ಹೊಸದಾಗಿ ಬರೀತವೆ. ರೆಪ್ಪೆ ಇಳಿದ ಕಣ್ಣು ಅದಕ್ಕೆ ಹಾಳಾದ ಫೋಟೋ ಥರ ಕಾಣುತ್ತೆ, ತಿದ್ದಿಬಿಡುತ್ತೆ.

ಉತ್ತರ 2

ನಾನು ದಾವಣಗೆರೆಯಲ್ಲಿ ಸ್ಟುಡಿಯೋ ನಡೆಸೋನು. ಡಾರ್ಕ್‌ರೂಮ್ ಕಾಲದಿಂದ ಇದ್ದೀನಿ, ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು ಟಚಿಂಗ್ ಮಾಡಿದ ಕೈ ಇದು.

ಮೊದಲು ಆ ಮೂಲೆಯ ವಿಷಯ. ಇನ್ನು ಎಳೀಬೇಡಿ. ಫೋಟೋದ ಮೇಲ್ಪದರ ಜಿಲೆಟಿನ್, ತೇವಕ್ಕೆ ಉಬ್ಬಿ ಗಾಜಿಗೆ ಅಂಟಿಕೊಳ್ಳುತ್ತೆ. ನೀರಲ್ಲಿ ನೆನೆಸಿ ಬಿಡಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬೂಷ್ಟು ತಿಂದ ಜಿಲೆಟಿನ್ ನೀರಿಗೆ ಬಿದ್ದರೆ ಕರಗಿ ಹೋಗಬಹುದು. ಗಾಜಿನ ಸಮೇತ ಸ್ಕ್ಯಾನರ್ ಮೇಲಿಡಿ. ಕಿತ್ತು ಬಂದ ಚೂರು ಗಾಜಿನ ಮೇಲೇ ಇದ್ದರೆ ಅದನ್ನು ಒರೆಸಬೇಡಿ, ಕೆರೆಯಬೇಡಿ. ಅದನ್ನೂ ಹಾಗೇ ಬೇರೆ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ.

ಎರಡನೇದು, ಇದು ಬಹಳ ಜನ ತಪ್ಪೋದು. ಕಪ್ಪು ಬಿಳುಪು ಫೋಟೋ ಅಂತ ಗ್ರೇ ಸ್ಕ್ಯಾನ್ ಮಾಡಿಸಬೇಡಿ. ಕಲರ್‌ನಲ್ಲೇ ಮಾಡಿಸಿ, 600 ಡಿಪಿಐ, 48 ಬಿಟ್, ಟಿಫ್ ಫೈಲ್. ನಿಮ್ಮ ಅಳತೆಗೆ ಸುಮಾರು 170 ಎಂಬಿ ಬರುತ್ತೆ, ಬರಲಿ. ಸ್ಕ್ಯಾನರ್‌ನ ಡಸ್ಟ್ ರಿಮೂವಲ್, ಶಾರ್ಪ್ ಎಲ್ಲ ಆಫ್ ಮಾಡಿಸಿ.

ಯಾಕೆ ಕಲರ್ ಅಂದರೆ, ಫೋಟೋ ಇರೋದು ಬೆಳ್ಳಿಯಲ್ಲಿ, ಅದು ಬೂದು. ಕಲೆಗಳಿಗೆ ಮಾತ್ರ ಬಣ್ಣ ಇದೆ. ಜಿಂಪ್ ಅಂತ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್ ಉಚಿತ ಸಿಗುತ್ತೆ, ಅದನ್ನು ಹಾಕಿಕೊಳ್ಳಿ. ಕಲರ್ಸ್ ಮೆನುವಿನ ಕಾಂಪೊನೆಂಟ್ಸ್ ಒಳಗೆ ಡೀಕಂಪೋಸ್ ಅಂತ ಇದೆ. ಒತ್ತಿದರೆ ನಿಮ್ಮ ಸ್ಕ್ಯಾನ್ ಕೆಂಪು, ಹಸಿರು, ನೀಲಿ ಅಂತ ಮೂರು ಬೂದು ಚಿತ್ರ ಆಗುತ್ತೆ. ನೀಲಿಯಲ್ಲಿ ನೋಡಿ, ಹಳದಿ ಕಲೆ, ಕುಂಕುಮ ಎರಡೂ ಕರೀ ಮಚ್ಚೆ ಥರ ಕಾಣ್ತವೆ. ಆಮೇಲೆ ಕೆಂಪನ್ನು ನೋಡಿ. ಕೆಂಪು ಬಣ್ಣದ ಕಲೆ ಅಲ್ಲಿ ಹೆಚ್ಚುಕಮ್ಮಿ ಕಾಣೋದೇ ಇಲ್ಲ. ಕುಂಕುಮದ ನೀರು ಕಾಗದಕ್ಕೆ ಹೀರಿಕೊಂಡಿದ್ದರೆ ಅದರ ಕೆಳಗಿನ ಮುಖ ಹಾಗೇ ಸಿಗುತ್ತೆ. ಪುಡಿ ದಪ್ಪವಾಗಿ ಮೆತ್ತಿಕೊಂಡಿರೋ ಕಡೆ ಮಾತ್ರ ಏನೂ ಸಿಗಲ್ಲ. ನೀವು ಕಲಸಿದ ನೀರು ಇಳಿದಿದ್ದು ಅಂದಿದ್ದೀರಿ, ನನಗೆ ಭರವಸೆ ಇದೆ.

ಅಂಚಿನ ಹಳದಿ ಬಗ್ಗೆ: ಆಗಿನ ಕಾಲದಲ್ಲಿ ಪ್ರಿಂಟನ್ನು ಹೈಪೋದಲ್ಲಿ (ಚಿತ್ರ ನಿಲ್ಲಿಸೋ ರಾಸಾಯನಿಕ) ಅದ್ದಿದ ಮೇಲೆ ಹರಿಯೋ ನೀರಲ್ಲಿ ಚೆನ್ನಾಗಿ ತೊಳೀಬೇಕಿತ್ತು. ನೀರು ಸಾಲದೆ, ಪುರುಸೊತ್ತು ಸಾಲದೆ ಬೇಗ ತೆಗೆದುಬಿಟ್ಟರೆ ಉಳಿದ ಹೈಪೋ ವರ್ಷಾನುಗಟ್ಟಲೆ ಬೆಳ್ಳಿಯನ್ನು ತಿಂದು ಹಳದಿ ಕಂದು ಮಾಡುತ್ತೆ. ಬೆಳಕಿಗೆ ಓರೆ ಹಿಡಿದರೆ ಕಪ್ಪು ಜಾಗ ಕನ್ನಡಿ ಥರ ಮಿಂಚಿದರೆ ಅದು ಬೆಳ್ಳಿ ಮೇಲಕ್ಕೆ ಎದ್ದಿರೋದು. ಉಜ್ಜಬೇಡಿ.

ಉಳಿದ ಗೆರೆ, ಚುಕ್ಕೆಗೆ ಜಿಂಪ್‌ನ ಹೀಲ್ ಟೂಲ್ ಸಾಕು, ಅದು ಪಕ್ಕದ ಜಾಗವನ್ನು ತಂದು ಸುತ್ತಲಿನ ಬಣ್ಣಕ್ಕೆ ಬೆರೆಸುತ್ತೆ. ಲೇಯರ್ (ಚಿತ್ರದ ಪದರ) ನಕಲು ಮಾಡಿಕೊಂಡು ಆ ನಕಲಿನ ಮೇಲೆ ಮಾಡಿ, ಮೂಲ ಲೇಯರ್ ಮುಟ್ಟಲೇಬೇಡಿ. ಸೀರೆ ಅಂಚು, ಮುಂಡಿಗೆ ಅಂಚಿನ ಹತ್ತಿರ ಹೀಲ್ ಬೇಡ, ಬಣ್ಣ ಕದಡಿಬಿಡುತ್ತೆ, ಅಲ್ಲಿ ಇದ್ದದ್ದನ್ನು ಹಾಗೇ ನಕಲು ಮಾಡೋ ಕ್ಲೋನ್ ಬಳಸಿ. ಕೆಲಸ ಮಾಡುವಾಗ ನೂರಕ್ಕೆ ನೂರು ಜೂಮ್ ಇಟ್ಟು, ಆಗಾಗ ಚಿಕ್ಕದು ಮಾಡಿ ದೂರದಿಂದ ನೋಡಿ. ಮುಖದ ಮೇಲೆ ಮಾತ್ರ ಕೈ ಬಿಗಿ ಇರಲಿ. ಚರ್ಮದ ಗೆರೆ ಯಾವುದು, ಕಾಗದದ ಗೆರೆ ಯಾವುದು ಅಂತ ಖಾತ್ರಿ ಆಗದಿದ್ದರೆ ಬಿಟ್ಟುಬಿಡಿ. ಗಲ್ಲದ ಚೂರು ಸಿಗದಿದ್ದರೆ ಅಕ್ಕಪಕ್ಕದ ಬೂದು ಬಣ್ಣ ತುಂಬಿಸಿ, ಹೊಸ ಗಲ್ಲ ಬರೀಬೇಡಿ. ಗಿರಾಕಿಗಳಿಗೂ ನಾನು ಇದನ್ನೇ ಹೇಳೋದು.

ಉತ್ತರ 3

ಮೇಲಿನವರು ಹೇಳಿದ್ದು ಸರಿ. ನಾನೊಂದು ಮಾತು ಸೇರಿಸ್ತೀನಿ. ಆ ಕಾಲದಲ್ಲಿ ಗ್ರೂಪ್ ಫೋಟೋ ತೆಗೆಸಿದರೆ ಒಂದೇ ಪ್ರಿಂಟ್ ಹಾಕಿಸೋದು ಅಪರೂಪ. ಗಂಡುಮಕ್ಕಳಿಗೆ ಒಂದೊಂದು, ಮದುವೆಯಾದ ಹೆಣ್ಣುಮಕ್ಕಳಿಗೆ ಒಂದು ಅಂತ ಮಾಡಿಸೋರು. ನಿಮ್ಮ ಸೋದರಮಾವಂದಿರ ಮನೆಗಳಲ್ಲಿ ಕೇಳಿ. ಗೋಡೆ ಮೇಲೆ ಇಲ್ಲದಿದ್ದರೆ ಟ್ರಂಕ್ ತಳ, ಹಳೇ ಪಂಚಾಂಗದ ಕಟ್ಟು, ದೇವರ ಪೆಟ್ಟಿಗೆ ಎಲ್ಲ ಹುಡುಕಿಸಿ. ಇನ್ನೊಂದು ಪ್ರಿಂಟ್ ಹಾಳಾಗಿದ್ದರೂ ಪರವಾಗಿಲ್ಲ, ಬೇರೆ ಜಾಗದಲ್ಲಿ ಹಾಳಾಗಿರುತ್ತೆ. ಒಂದೇ ನೆಗೆಟಿವ್‌ನದು ಆಗಿದ್ದರೆ ಒಂದರ ಮೇಲೊಂದು ಲೇಯರ್ ಇಟ್ಟು ಕೂಡಿಸಬಹುದು. ಅದು ಹೊಸದಾಗಿ ಬರೆದದ್ದು ಆಗಲ್ಲ, ಅದೇ ಫೋಟೋ.

ನಮ್ಮ ಮಾವನವರ ಫೋಟೋ ನಾವು ಹಾಗೇ ಸರಿ ಮಾಡಿದ್ದು. ಮತ್ತೆ, ನಿಮ್ಮ ಅಮ್ಮನ ಹತ್ತಿರ ಈಗಲೇ ಕೂತು ಯಾರು ಎಲ್ಲಿ ನಿಂತಿದ್ದಾರೆ ಅಂತ ಬರೆದಿಟ್ಟುಕೊಳ್ಳಿ. ನಾವು ಫೋಟೋ ಸರಿ ಮಾಡಿದೆವು, ಹಿಂದಿನ ಸಾಲಿನ ಇಬ್ಬರು ಯಾರು ಅಂತ ಹೇಳೋರು ಅಷ್ಟರಲ್ಲಿ ಹೋಗಿಬಿಟ್ಟಿದ್ದರು.

ಪ್ರಶ್ನೆ ಕೇಳಿದವರಿಂದ, ಐದು ವಾರದ ನಂತರ

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗ್ತಿಲ್ಲ. ಆದದ್ದನ್ನು ಬರೀತೀನಿ.

ಮೊದಲು ಹೋದ ಅಂಗಡಿಯಲ್ಲಿ ಕಲರ್ ಸ್ಕ್ಯಾನ್ ಯಾಕೆ, ಗಾಜಿನ ಸಮೇತ ಯಾಕೆ ಅಂತ ಒಪ್ಪಲಿಲ್ಲ. ಕೊನೆಗೆ ಪರಿಚಯದವರ ಆಫೀಸಿನ ಸ್ಕ್ಯಾನರ್‌ನಲ್ಲಿ ನಾನೇ ಮಾಡಿದೆ. ರಾತ್ರಿ ಮನೆಯಲ್ಲಿ ಡೀಕಂಪೋಸ್ ಒತ್ತಿ ಕೆಂಪು ಚಾನೆಲ್ ತೆರೆದೆ. ಹೇಳೋಕೆ ಬರಲ್ಲ. ಇಷ್ಟು ವರ್ಷದ ಕೆಂಪು ಕಲೆಯ ಹಿಂದೆ ಅಜ್ಜಿ ನಿಂತಿದ್ದರು. ಹಣೆಯ ಮೂರು ಗೆರೆ, ಎಡಗಣ್ಣಿನ ಇಳಿದ ರೆಪ್ಪೆ, ಮೂಗುಬೊಟ್ಟಿನ ಸಣ್ಣ ಹೊಳಪು. ಇನ್ನೊಂದು ವಿಷಯ ನನಗೆ ಆಮೇಲೆ ಹೊಳೆದದ್ದು. ನಾವು ಹಚ್ಚಿದ ಕುಂಕುಮ ಮಾಯವಾಗಿತ್ತು, ಆದರೆ ಅಜ್ಜಿ ಆ ದಿನ ತಾವೇ ಇಟ್ಟುಕೊಂಡಿದ್ದ ಬೊಟ್ಟು ಹಾಗೇ ಇತ್ತು, ಹಣೆ ನಡುವೆ ದುಂಡಗೆ, ಕಡುಬೂದು. ಅದು ಬೆಳ್ಳಿಯಲ್ಲಿ ಮೂಡಿದ್ದಲ್ಲವಾ, ಯಾವ ಚಾನೆಲ್‌ನಲ್ಲೂ ಅಳಿಸಲಿಲ್ಲ.

ಬೆಳಿಗ್ಗೆ ಅಮ್ಮನನ್ನು ಕಂಪ್ಯೂಟರ್ ಮುಂದೆ ಕೂರಿಸಿದೆ. ಈ ಸಲ ಏನೂ ಅನ್ನಲಿಲ್ಲ. ಪರದೆಯ ಮೇಲೆ ಎಡಗಣ್ಣಿನ ಹತ್ತಿರ ಬೆರಳಿಟ್ಟುಕೊಂಡು ಕೂತಿದ್ದರು. ಆಮೇಲೆ ಒಬ್ಬೊಬ್ಬರದೇ ಹೆಸರು ಹೇಳ್ತಾ ಹೋದರು, ನಾನು ಬರೆದುಕೊಂಡೆ. ಹದಿನಾಲ್ಕು ಜನ. ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿಕೊಂಡಿರೋ ಹುಡುಗಿ ತಾನೇ ಅಂತ ಅವತ್ತೇ ಹೇಳಿದ್ದು.

ಗಲ್ಲದ ಚೂರು ಗಾಜಿನ ಮೇಲೆ ಪುಡಿಯಾಗಿತ್ತು, ಅದರಿಂದ ಏನೂ ಸಿಗಲಿಲ್ಲ. ಆದರೆ ಉತ್ತರ 3ರ ಅಕ್ಕ ಹೇಳಿದ ಹಾಗೆ ಮಾವಂದಿರಿಗೆ ಫೋನ್ ಮಾಡಿದೆ. ಶಿವಮೊಗ್ಗದ ಹತ್ತಿರ ಇರೋ ದೊಡ್ಡಮಾವನ ಮನೆಯ ಅಟ್ಟದ ಟ್ರಂಕಿನಲ್ಲಿ ಅದೇ ಫೋಟೋದ ಇನ್ನೊಂದು ಪ್ರಿಂಟ್ ಸಿಕ್ಕಿತು, ಪಂಚೆಯಲ್ಲಿ ಸುತ್ತಿಟ್ಟಿದ್ದರು. ಎಡಗಡೆ ಮೂರನೇ ಒಂದು ಭಾಗ ಒರಲೆ ತಿಂದಿದೆ, ಅಜ್ಜನೂ ಚಿಕ್ಕಮಾವನೂ ಹೋಗಿದ್ದಾರೆ. ಅಜ್ಜಿಯ ಗಲ್ಲ ಪೂರ್ತಿ ಇದೆ. ಆ ಪ್ರಿಂಟ್ ಸ್ವಲ್ಪ ದೊಡ್ಡದಾಗಿ ಹಿಗ್ಗಿಸಿದ್ದು, ಹಾಗಾಗಿ ಲೇಯರ್ ಅರ್ಧ ಪಾರದರ್ಶಕ ಮಾಡಿ, ಮೂಗುಬೊಟ್ಟು ಮತ್ತು ಬುಗುಡಿ ಎರಡನ್ನೂ ಗುರುತು ಇಟ್ಟುಕೊಂಡು ಕೂರಿಸಿದೆ. ಮೂರು ಸಂಜೆ ಬೇಕಾಯಿತು. ಅದರ ಕಪ್ಪು ನಮ್ಮದಕ್ಕಿಂತ ಮಂಕು, ಕಪ್ಪು ಬಿಳುಪು ಹೆಚ್ಚುಕಮ್ಮಿ ಮಾಡೋ ಕರ್ವ್ಸ್‌ನಲ್ಲಿ ಸರಿದೂಗಿಸಿದೆ. ಉಗುರಿನಷ್ಟು ಜಾಗ, ಅಷ್ಟೇ ತೆಗೆದುಕೊಂಡಿದ್ದು. ಮಾವನ ಪ್ರಿಂಟಿನಲ್ಲಿ ಹೋಗಿದ್ದ ಅಜ್ಜನನ್ನು ನಮ್ಮದರಿಂದ ತೆಗೆದು ಅವರಿಗೂ ಪೂರ್ತಿ ಫೋಟೋ ಆಗುತ್ತೆ ಈಗ. ಬಲಮೂಲೆ ಗಾಜಿನ ಕೆಳಗೇ ಇದೆ, ಮುಟ್ಟಿಲ್ಲ.

ಅಡಕೆ ಚಪ್ಪರದ ಹತ್ತಿರದ ಬೂಷ್ಟು ಕಲೆ ತೆಗೆಯೋಕೆ ಎಐ ಬಳಸಿದೆ, ಮುಖಗಳಿಗೆ ಮಾಸ್ಕ್ ಹಾಕಿ. ಮುಂಡಿಗೆಯ ಕೆತ್ತನೆಯನ್ನೂ ಅದು ಬದಲಿಸಿಬಿಟ್ಟಿತ್ತು, ಅಮ್ಮ ಹಿಡಿದರು. ಹಾಗಾಗಿ ಮುಂಡಿಗೆಗೂ ಮಾಸ್ಕ್ ಹಾಕಿ ಅದನ್ನು ಕೈಯಲ್ಲೇ ಮಾಡಿದೆ. ಮಗಳು ಬಣ್ಣ ತುಂಬಿಸೋಣ ಅಂತಾಳೆ. ಅಜ್ಜಿಯ ಸೀರೆ ಹಸಿರು ಅಂತ ಅಮ್ಮನಿಗೆ ನೆನಪಿದೆ, ಬೇರೆಯವರದು ನೆನಪಿಲ್ಲ. ನಾನು ಸದ್ಯಕ್ಕೆ ಬೇಡ ಅಂದಿದ್ದೀನಿ.

ಈಗ ಆರು ಪ್ರಿಂಟ್ ಹಾಕಿಸಬೇಕು, ಪ್ರತಿ ಮನೆಗೆ ಒಂದು. ಸ್ಟುಡಿಯೋ ಸರ್, ಕೊನೆಯದಾಗಿ ಎರಡು ಕೇಳ್ತೀನಿ. ಮ್ಯಾಟ್ ಕಾಗದ ಒಳ್ಳೇದಾ, ಹೊಳಪಿನದಾ? ಗಾಜಿಗೂ ಫೋಟೋಗೂ ನಡುವೆ ಮೌಂಟ್ ಬೋರ್ಡ್ ಎಷ್ಟು ದಪ್ಪ ಇದ್ದರೆ ತಾಗಲ್ಲ? ಅಮ್ಮ ಮುಂದಿನ ತಿಥಿಗೆ ಕುಂಕುಮ ಹಚ್ಚೋರೇ. ಬೇಡ ಅನ್ನೋಕೆ ನನಗೆ ಮನಸ್ಸಿಲ್ಲ.

ಉತ್ತರ 2ರವರಿಂದ

ಓದಿ ಕಣ್ಣು ತುಂಬಿತು. ಮ್ಯಾಟ್ ಹಾಕಿಸಿ, ಬೆಳಕು ಬಿದ್ದರೂ ಮುಖ ಕಾಣುತ್ತೆ. ಮೌಂಟ್ 2 ಮಿಲಿಮೀಟರ್ ಇದ್ದರೆ ಸಾಕು, ಆಮ್ಲ ಇಲ್ಲದ ಬೋರ್ಡ್ ಕೇಳಿ ತಗೊಳ್ಳಿ. ಗೋಡೆ ತೇವದ್ದಾದರೆ ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಸಣ್ಣ ಕಾರ್ಕ್ ಚೂರು ಅಂಟಿಸಿ, ಗಾಳಿ ಆಡಲಿ. ಕುಂಕುಮ ಗಾಜಿನ ಮೇಲೆ ಬೇಡ, ಚೌಕಟ್ಟಿನ ಮರದ ಮೇಲೆ ಹಚ್ಚಲಿ ಅಂತ ಅಮ್ಮನವರಿಗೆ ನನ್ನ ಪರವಾಗಿ ಕೇಳಿಕೊಳ್ಳಿ. ಮೂಲ ಪ್ರಿಂಟ್ ಎಸೀಬೇಡಿ, ಗಾಜಿನ ಸಮೇತ ಕಾಗದದ ಡಬ್ಬದಲ್ಲಿ ಮಲಗಿಸಿ, ಬೀರುವಿನ ಒಣ ಅರೆಯಲ್ಲಿಡಿ. ಪ್ಲಾಸ್ಟಿಕ್ ಕವರ್ ಹಾಕಬೇಡಿ, ಮಲೆನಾಡಿನ ಮಳೆಗಾಲದಲ್ಲಿ ಒಳಗೇ ಬೆವರುತ್ತೆ.