ಸಹಾಯ ಬೇಕು: ಒಂದೇ ಮ್ಯಾಕ್ರೋ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡಬೇಕು

ಎಲ್ಲರಿಗೂ ನಮಸ್ಕಾರ. ಒಂದು ಎಕ್ಸೆಲ್ ಮ್ಯಾಕ್ರೋ (ಕೆಲಸವನ್ನು ತಾನಾಗಿ ಮಾಡಿಕೊಡುವ ಸಣ್ಣ ಪ್ರೋಗ್ರಾಮ್) ಹತ್ರ ಸಿಕ್ಕಿಹಾಕಿಕೊಂಡಿದ್ದೇನೆ, ಗೊತ್ತಿರುವವರು ದಯವಿಟ್ಟು ದಾರಿ ತೋರಿಸಿ.

ಒಂದು ಫೋಲ್ಡರ್‌ನಲ್ಲಿರುವ ಸಿಎಸ್‌ವಿ ಫೈಲ್‌ಗಳನ್ನೆಲ್ಲ (ಅಲ್ಪವಿರಾಮದಿಂದ ಬೇರ್ಪಡಿಸಿದ ಮಾಹಿತಿಯ ಪಠ್ಯ ಫೈಲ್‌ಗಳು) ಓದಿ ಒಂದೇ ಶೀಟಿಗೆ ಸೇರಿಸುವ ಮ್ಯಾಕ್ರೋ ಅದು, ಎಕ್ಸೆಲ್‌ನ ಒಳಗಿನ ಪ್ರೋಗ್ರಾಮಿಂಗ್ ಭಾಷೆ ವಿಬಿಎಯಲ್ಲಿ ಬರೆದದ್ದು. ವಿಂಡೋಸ್‌ನಲ್ಲಿ ಸಲೀಸಾಗಿ ಓಡುತ್ತದೆ. ಆದರೆ ನಮ್ಮ ತಂಡದಲ್ಲಿ ಒಬ್ಬರದು ಮ್ಯಾಕ್, ಇನ್ನೊಬ್ಬರದು ಲಿನಕ್ಸ್, ಅದರಲ್ಲಿ ಎಕ್ಸೆಲ್ ಬದಲು ಲಿಬ್ರೆಆಫೀಸ್ ಎಂಬ ಉಚಿತ ಆಫೀಸ್ ತಂತ್ರಾಂಶ.

ಮ್ಯಾಕ್‌ನಲ್ಲಿ ‘ಕ್ರಿಯೇಟ್‌ಆಬ್ಜೆಕ್ಟ್’ ಸಾಲಿಗೆ ಬಂದ ಕೂಡಲೇ 429 ಎರರ್. ಆ ಸಾಲು ಕರೆಯುವ, ಫೋಲ್ಡರ್ ಓದಲು ಬಳಸುವ ಫೈಲ್‌ಸಿಸ್ಟಮ್‌ಆಬ್ಜೆಕ್ಟ್ ವಿಂಡೋಸ್‌ನ ಲೈಬ್ರರಿ, ಮ್ಯಾಕ್‌ನಲ್ಲಿ ಅದು ಇರುವುದೇ ಇಲ್ಲ. ಸರಿ ಅಂತ ಅದನ್ನು ತೆಗೆದು, ಫೋಲ್ಡರ್‌ನ ಫೈಲ್ ಹೆಸರುಗಳನ್ನು ಕೊಡುವ ವಿಬಿಎಯ ‘ಡಿರ್’ ಹಾಕಿದೆ. ಮ್ಯಾಕ್‌ನಲ್ಲಿ ಅದಕ್ಕೆ ನಕ್ಷತ್ರ ಚಿಹ್ನೆ (*) ಕೊಟ್ಟು ಹುಡುಕಲು ಆಗುವುದಿಲ್ಲ. ಹಾಗಾಗಿ ಎಲ್ಲ ಹೆಸರುಗಳನ್ನೂ ತಂದು, ಕೊನೆಯ ನಾಲ್ಕು ಅಕ್ಷರ (.csv) ನೋಡಿ ಆರಿಸುತ್ತಿದ್ದೇನೆ. ಪಾತ್ (ಫೈಲ್ ಇರುವ ವಿಳಾಸ) ನಡುವಿನ ಗೆರೆಗೆ ‘ಅಪ್ಲಿಕೇಶನ್ ಪಾತ್‌ಸೆಪರೇಟರ್’ ಬಳಸಿದೆ. ಈಗ ಓಡುತ್ತದೆ, ಆದರೆ ಸ್ಯಾಂಡ್‌ಬಾಕ್ಸ್ (ಅನುಮತಿ ಇಲ್ಲದೆ ಫೈಲ್ ಮುಟ್ಟಲು ಬಿಡದ ಮ್ಯಾಕ್‌ನ ರಕ್ಷಣೆ) ಕಾರಣಕ್ಕೆ ಒಂದೊಂದು ಫೈಲಿಗೂ ಅನುಮತಿ ಕೇಳುತ್ತದೆ. ಫೈಲ್ ಜಾಸ್ತಿ ಇದ್ದಾಗ ಇದು ನಿಜಕ್ಕೂ ಕಷ್ಟ.

ಲಿಬ್ರೆಆಫೀಸ್‌ನಲ್ಲಿ ಮಾಡ್ಯೂಲ್ ತಲೆಯಲ್ಲಿ ವಿಬಿಎ ಓಡಿಸಲು ಹೇಳುವ ‘ಆಪ್ಷನ್ ವಿಬಿಎಸಪೋರ್ಟ್ 1’ ಹಾಕಿದೆ. ಸೆಲ್‌ಗೆ ಬರೆಯುವ ಭಾಗ ಸರಿಹೋಯಿತು, ಫೈಲ್ ತೆರೆಯುವ ಕಡೆ ನಿಂತುಬಿಡುತ್ತದೆ. ಬ್ರೌಸರ್‌ನ ಎಕ್ಸೆಲ್‌ನಲ್ಲಂತೂ ವಿಬಿಎ ಓಡುವುದೇ ಇಲ್ಲ, ಆ ದಾರಿ ಬಿಟ್ಟೆ.

ನನಗೆ ತಿಳಿಯಬೇಕಾದದ್ದು ಇಷ್ಟು. ವಿಬಿಎಯನ್ನೇ ಉಳಿಸಿಕೊಂಡು ‘ಇಫ್ ಮ್ಯಾಕ್’ (ಮ್ಯಾಕ್ ಆದರೆ ಹೀಗೆ ಮಾಡು) ಅಂತ ಕವಲು ಹಾಕುತ್ತಾ ಹೋಗುವುದು ವಾಸಿಯಾ, ಅಥವಾ ಮೂವರೂ ಲಿಬ್ರೆಆಫೀಸ್‌ಗೆ ಬಂದು ಪೈಥಾನ್‌ನಲ್ಲಿ ಹೊಸದಾಗಿ ಬರೆಯುವುದಾ? ಪೈಥಾನ್ ಆದರೆ, ಮ್ಯಾಕ್ರೋವನ್ನು ಓಡಿಎಸ್ ಫೈಲಿನ (ಲಿಬ್ರೆಆಫೀಸ್‌ನ ಶೀಟ್ ಫೈಲ್) ಒಳಗೇ ಇಟ್ಟು ಕಳಿಸುವುದು ಹೇಗೆ? ಮಾಡಿ ನೋಡಿದವರು ಹೇಳಿ.