ಸಹಾಯ ಬೇಕು: ಮಕ್ಕಳಿಗೆ ಬ್ರಾಂಜ್ ಅವಾರ್ಡ್ ಮಾಡಿಸಿದವರು ಯಾರಾದ್ರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಒಂಬತ್ತನೇ ಕ್ಲಾಸಿನ ನನ್ನ ಮಗಳು ಶಾಲೆಯಲ್ಲಿ ಐಎವೈಪಿ (ಇಂಟರ್‌ನ್ಯಾಷನಲ್ ಅವಾರ್ಡ್ ಫಾರ್ ಯಂಗ್ ಪೀಪಲ್) ಅನ್ನೋ ಕಾರ್ಯಕ್ರಮಕ್ಕೆ ಸೇರಿದ್ದಾಳೆ. ಬ್ರಾಂಜ್ ಅದರ ಮೊದಲ ಹಂತ. ಬ್ರಿಟನ್ನಿನಲ್ಲಿ 1956ರಲ್ಲಿ ಶುರುವಾದ ಡ್ಯೂಕ್ ಆಫ್ ಎಡಿನ್‌ಬರ್ಗ್ ಅವಾರ್ಡ್ ಇದೆಯಲ್ಲ, ಅದೇ ಇದು. 14ರಿಂದ 24 ವರ್ಷದವರಿಗೆ. ರ್‍ಯಾಂಕ್ ಇಲ್ಲ, ಪೈಪೋಟಿ ಇಲ್ಲ. ನನಗೆ ಹಿಡಿಸಿದ್ದೇ ಅದು.

ಕಲಿಕೆ, ಆಟ, ಸೇವೆ, ಸಾಹಸ ಪ್ರಯಾಣ ಅಂತ ನಾಲ್ಕು ಭಾಗ ಮುಗಿಸಬೇಕು. ಕಲಿಕೆಗೆ ಮೃದಂಗ, ಆಟಕ್ಕೆ ಷಟಲ್, ಎರಡೂ ನಡೀತಿವೆ. ಸೇವೆಗೆ ಮಾತ್ರ ಜಾಗ ಸಿಕ್ಕಿಲ್ಲ. ವಾರಕ್ಕೆ ಒಂದು ಗಂಟೆಯಂತೆ ತಿಂಗಳುಗಟ್ಟಲೆ ಮಾಡಬೇಕು. ಬನಶಂಕರಿ ಹತ್ತಿರ ಭಾನುವಾರ ಈ ವಯಸ್ಸಿನವರಿಗೆ ನಿಜವಾದ ಕೆಲಸ ಕೊಡುವ ವೃದ್ಧಾಶ್ರಮವೋ ಲೈಬ್ರರಿಯೋ ಗೊತ್ತಿದ್ರೆ ಹೇಳಿ. ಸುಮ್ನೆ ಫೋಟೋ ತೆಗೆದು ಸರ್ಟಿಫಿಕೇಟ್ ಕೊಡೋರು ಬೇಡ.

ದೊಡ್ಡ ತಲೆನೋವು ಸಾಹಸ ಪ್ರಯಾಣದ್ದು. ಬ್ರಾಂಜ್‌ಗೆ ಎರಡು ಹಗಲು, ಒಂದು ರಾತ್ರಿ, ದಿನಕ್ಕೆ ಕನಿಷ್ಠ ಆರು ಗಂಟೆ. ನಾಲ್ಕರಿಂದ ಏಳು ಮಕ್ಕಳ ಗುಂಪು. ನಕ್ಷೆ ನೋಡಿ ದಾರಿ ಹಿಡಿಯೋದು, ಟೆಂಟ್ ಹಾಕೋದು, ಅಡುಗೆ, ಎಲ್ಲ ಅವರದ್ದೇ. ದೊಡ್ಡವರು ದೂರದಿಂದ ಕಣ್ಣಿಟ್ಟಿರಬೇಕು ಅಷ್ಟೆ. ಅದಕ್ಕೂ ಮೊದಲು ಒಂದು ಅಭ್ಯಾಸದ ಪ್ರಯಾಣ ಬೇರೆ. ಟ್ರೆಕ್ಕಿಂಗ್ ಕಂಪನಿಗೆ ಫೋನ್ ಮಾಡಿದ್ರೆ "ಗೈಡ್ ನಮ್ಮೋರು, ಬಿಸಿಬೇಳೆಬಾತ್ ರೆಡಿ ಇರುತ್ತೆ ಮೇಡಂ" ಅಂತಾರೆ. ಹಾಗಾದ್ರೆ ಮಕ್ಕಳು ಮಾಡೋದೇನು, ಅಲ್ವಾ?

ರಾಮನಗರ, ಮಾಗಡಿ ಕಡೆ ರಾತ್ರಿ ಟೆಂಟ್ ಹಾಕಲು ಅನುಮತಿ ಸಿಗುವ ಜಾಗ ಯಾವುದು? ನೀರು ಹತ್ತಿರವಿರಬೇಕು. ಮಕ್ಕಳ ಜೊತೆ ಹೋಗಿಬಂದವರು ದಯವಿಟ್ಟು ಇಲ್ಲೇ ಬರೆಯಿರಿ. ಪರೀಕ್ಷೆ ಮುಗಿದ ಕೂಡಲೇ ಹೊರಡಿಸಬೇಕು, ಬಿಸಿಲು ಜಾಸ್ತಿ ಆಗೋ ಮುಂಚೆ.