ಪ್ರಶ್ನೋತ್ತರ: ಮನೆ ತೋಟಕ್ಕೆ ನಿಜಕ್ಕೂ ಯಾವ ಸಾಮಾನು ಬೇಕು?

ಪ್ರಶ್ನೆ (ಮೈಸೂರು): ನಮಸ್ಕಾರ ಸರ್. ನಮ್ಮದು 30×40 ಸೈಟಿನ ಮನೆ. ಕಾಂಪೌಂಡಿನ ಒಳಗೆ ಮೂರಡಿ ಅಗಲದ ಮಣ್ಣಿನ ಜಾಗ ಇದೆ. ಅಲ್ಲಿ ಕರಿಬೇವು, ನಿಂಬೆ, ದಾಸವಾಳ, ಎರಡು ಗುಲಾಬಿ ಹಾಕಿದ್ದೇನೆ. ಟೆರೇಸಿನಲ್ಲಿ ಇಪ್ಪತ್ತು ಕುಂಡಗಳಿವೆ, ಸೊಪ್ಪು, ಟೊಮೆಟೊ, ಬದನೆ ಬೆಳೆಯುತ್ತೇನೆ. ಆನ್‌ಲೈನಿನಲ್ಲಿ ಹತ್ತು ಸಾಮಾನಿನ ಸೆಟ್ ತರಿಸಿದೆ. ಎರಡೇ ವಾರಕ್ಕೆ ಕೈ ಸನಿಕೆಯ ಕತ್ತು ಬಾಗಿತು. ಕತ್ತರಿಯಂತೂ ಕೊಂಬೆಯನ್ನು ಜಜ್ಜುತ್ತದೆ. ಮತ್ತೆ ದುಡ್ಡು ಹಾಕುವ ಮೊದಲು ನಿಮ್ಮನ್ನೇ ಕೇಳೋಣ ಅನ್ನಿಸಿತು.

ಉತ್ತರ: ಅಮ್ಮ, ನಿಮ್ಮ ಮನೆಯಲ್ಲಿರುವುದು ಎರಡು ತೋಟ. ಕುಂಡದ ಮಣ್ಣು ನೀವೇ ಗೊಬ್ಬರ, ಕೋಕೊಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿ ಮಾಡಿದ್ದು, ಸಡಿಲವಾಗಿರುತ್ತದೆ. ಕೆಳಗಿನದು ನೆಲದ ಮಣ್ಣು. ಮನೆ ಕಟ್ಟುವಾಗ ಬಿದ್ದ ಜಲ್ಲಿ, ಸಿಮೆಂಟಿನ ಚೂರು ಅದರಲ್ಲಿ ಇದ್ದೇ ಇರುತ್ತದೆ. ಸೆಟ್ಟಿನ ಸನಿಕೆ ಕುಂಡಕ್ಕೆ ಸಾಕು, ನೆಲಕ್ಕೆ ಸಾಲದು. ನೀವು ಅದನ್ನು ನೆಲದಲ್ಲಿ ಬಳಸಿರಬೇಕು, ಅಲ್ವಾ?

ಮೂರೇ ಸಾಮಾನು ಕೊಳ್ಳಿ. ಒಂದು ಕುರ್ಪಿ (ಕೂತು ಮಣ್ಣು ಕೆದಕುವ, ಕಳೆ ಕೀಳುವ ಕೈ ಸಾಮಾನು), ಒಂದು ಚಿಕ್ಕ ಗುದ್ದಲಿ, ಒಂದು ಒಳ್ಳೆಯ ಕತ್ತರಿ.

ಕುರ್ಪಿ ಕೊಳ್ಳುವಾಗ ಅಲಗು ನೋಡುವ ಮೊದಲು ಹಿಡಿ ನೋಡಿ. ಅಲಗಿನ ಬಾಲ ಮರದ ಹಿಡಿಯೊಳಗೆ ಆಳಕ್ಕೆ ಹೋಗಿರಬೇಕು. ಹಿಡಿಯ ಬಾಯಿಗೆ ಕಬ್ಬಿಣದ ಬಳೆ ಇರಬೇಕು. ಬಳೆ ಇಲ್ಲದಿದ್ದರೆ ಮರ ಬೇಗ ಸೀಳುತ್ತದೆ. ಆಮೇಲೆ ಅಂಗಡಿಯಲ್ಲೇ ಅಲಗಿನ ತುದಿಯನ್ನು ನೆಲಕ್ಕೆ ಊರಿ, ಸ್ವಲ್ಪ ಭಾರ ಬಿಡಿ. ಬಾಗಿ ಹಾಗೇ ಉಳಿದರೆ ಬೇಡ ಅಂತ ವಾಪಸ್ ಕೊಡಿ.

ಗುದ್ದಲಿಯನ್ನು ಸಂತೆಯಲ್ಲೋ ಕಮ್ಮಾರರ ಹತ್ತಿರವೋ ತೆಗೆದುಕೊಳ್ಳುವುದು ನನಗೆ ಇಷ್ಟ. ಬಡಿದು, ಹದ ಕೊಟ್ಟು ಮಾಡಿದ ಅಲಗು ಸವೆದರೂ ಮತ್ತೆ ಕುಲುಮೆಗೆ ಹಾಕಿಸಿ ಹರಿತ ಮಾಡಿಸಬಹುದು. ತಗಡಿನದಕ್ಕೆ ಆ ಭಾಗ್ಯ ಇಲ್ಲ. ಗುದ್ದಲಿಯ ಕಾವು, ಅಂದರೆ ಮರದ ಉದ್ದ ಹಿಡಿ, ನಿಮ್ಮ ಎತ್ತರಕ್ಕೆ ಹೊಂದಬೇಕು. ಗಂಡಸರ ಅಳತೆಯ ಗುದ್ದಲಿ ಹಿಡಿದು ಸೊಂಟ ನೋಯಿಸಿಕೊಂಡ ಎಷ್ಟೋ ಹೆಣ್ಣುಮಕ್ಕಳನ್ನು ನೋಡಿದ್ದೇನೆ, ನನಗೆ ಬೇಜಾರಾಗುತ್ತದೆ. ಕೈಗೆ ತೆಗೆದುಕೊಂಡು ನಾಲ್ಕು ಸಲ ಬೀಸಿ ನೋಡಿಯೇ ದುಡ್ಡು ಕೊಡಿ. ಆದರೆ ಗುದ್ದಲಿಯನ್ನು ಟೆರೇಸಿಗೆ ಮಾತ್ರ ಹತ್ತಿಸಬೇಡಿ. ಒಂದು ಏಟು ತಪ್ಪಿ ವಾಟರ್‌ಪ್ರೂಫಿಂಗ್‌ಗೆ ಬಿದ್ದರೆ ಮಳೆಗಾಲದಲ್ಲಿ ಸೀಲಿಂಗ್ ಸೋರುತ್ತದೆ.

ಪ್ರಶ್ನೆ (ಅವರೇ): ಕತ್ತರಿ ಯಾಕೆ ಜಜ್ಜುತ್ತದೆ ಸರ್? ಹೊಸದೇ ಅಲ್ವಾ?

ಉತ್ತರ: ಕತ್ತರಿಯಲ್ಲಿ ಎರಡು ಜಾತಿ. ಒಂದರಲ್ಲಿ ಎರಡು ಅಲಗು ಒಂದರ ಪಕ್ಕ ಒಂದು ಜಾರಿಹೋಗುತ್ತವೆ. ಅಂಗಡಿಯಲ್ಲಿ ಬೈಪಾಸ್ ಅಂತ ಕೇಳಿ. ಇನ್ನೊಂದರಲ್ಲಿ ಹರಿತವಾದ ಅಲಗು ಚಪ್ಪಟೆ ಪಟ್ಟಿಯ ಮೇಲೆ ಬಂದು ಕೂರುತ್ತದೆ. ಅದಕ್ಕೆ ಆನ್ವಿಲ್ ಅನ್ನುತ್ತಾರೆ. ಅದು ಒಣಗಿದ ಕೊಂಬೆಗೆ ಸರಿ, ಹಸಿ ಕೊಂಬೆಯನ್ನು ಅಮುಕಿಬಿಡುತ್ತದೆ. ನಿಮ್ಮದು ಇದೇ ಇರಬೇಕು. ಗುಲಾಬಿ, ದಾಸವಾಳಕ್ಕೆ ಬೈಪಾಸೇ ಬೇಕು. ಜಜ್ಜಿದ ತುದಿ ಬೇಗ ಒಣಗುತ್ತದೆ, ಅಲ್ಲಿಂದಲೇ ರೋಗ ಗಿಡದೊಳಗೆ ಇಳಿಯುತ್ತದೆ.

ಕೊಳ್ಳುವಾಗ ಒಂದು ಹಾಳೆ ಚೂರನ್ನು ಕತ್ತರಿಯ ತುದಿಯಿಂದ ಕತ್ತರಿಸಿ ನೋಡಿ. ಹರಿಯದೆ ನೀಟಾಗಿ ಕತ್ತರಿಸಬೇಕು. ಸ್ಪ್ರಿಂಗ್ ಬೇರೆ ಸಿಗುತ್ತದಾ, ಸ್ಕ್ರೂ ಬಿಚ್ಚಿ ಸಾಣೆ ಹಿಡಿಸಬಹುದಾ ಅಂತ ಕೇಳಿ. ಮೂರರಲ್ಲಿ ಜಾಸ್ತಿ ದುಡ್ಡು ಹಾಕಬೇಕಾದದ್ದು ಇದಕ್ಕೇ. ಹೆಬ್ಬೆರಳಿಗಿಂತ ದಪ್ಪ ಕೊಂಬೆಗೆ ಕತ್ತರಿ ಹಾಕಬೇಡಿ, ಚಿಕ್ಕ ಗರಗಸ ಬಳಸಿ.

ಇನ್ನೊಂದು ಮಾತು. ನಿಮ್ಮ ನಿಂಬೆಗಿಡದ ಎಲೆಯ ಮೇಲೆ ಉಬ್ಬಿದ ಕಂದು ಕಜ್ಜಿ, ಸುತ್ತ ಹಳದಿ ಬಳೆ ಕಂಡರೆ ಅದು ಕ್ಯಾಂಕರ್. ಬ್ಯಾಕ್ಟೀರಿಯಾದಿಂದ ಬರುವ ರೋಗ, ಕತ್ತರಿಯ ಮೂಲಕವೂ ಒಂದು ನಿಂಬೆಗಿಡದಿಂದ ಇನ್ನೊಂದಕ್ಕೆ ಹೋಗುತ್ತದೆ. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಅಲಗು ಒರೆಸಿ. ಅರ್ಧ ನಿಮಿಷದ ಕೆಲಸ, ದಯವಿಟ್ಟು ಬಿಡಬೇಡಿ.

ಪ್ರಶ್ನೆ (ಧಾರವಾಡ): ಸರ್, ನಮ್ಮಲ್ಲಿ ಎರೆ ಮಣ್ಣು, ಅಂದರೆ ಕಪ್ಪು ಜಿಗುಟು ಮಣ್ಣು. ಮಳೆ ಬಂದರೆ ಗುದ್ದಲಿಗೆ ಅಂಟುತ್ತದೆ, ಬಿಸಿಲಿಗೆ ಕಲ್ಲಾಗುತ್ತದೆ. ಇದಕ್ಕೆ ಬೇರೆ ಸಾಮಾನು ಇದೆಯಾ?

ಉತ್ತರ: ಇದೆ ಅಣ್ಣ. ಅಗಲ ಅಲಗಿನ ಬದಲು ನಾಲ್ಕು ಹಲ್ಲಿನ ಫೋರ್ಕ್ ತೆಗೆದುಕೊಳ್ಳಿ, ಅದಕ್ಕೆ ಮಣ್ಣು ಅಂಟುವುದು ಕಡಿಮೆ. ಆದರೆ ಸಾಮಾನಿಗಿಂತ ಮಣ್ಣಿನ ತೇವದ ಹದ ಮುಖ್ಯ. ಒಂದು ಹಿಡಿ ಮಣ್ಣು ಉಂಡೆ ಕಟ್ಟಿ ಬೆರಳಿನಿಂದ ಒತ್ತಿ. ಉದುರಿದರೆ ಅಗೆಯಿರಿ. ಜೇಡಿಯಂತೆ ಮೆತ್ತಿಕೊಂಡರೆ ಒಂದೆರಡು ದಿನ ಕಾಯಿರಿ. ಹಸಿ ಎರೆಯನ್ನು ಅಗೆದರೆ ಒಣಗಿದ ಮೇಲೆ ಹೆಂಟೆಗಳೇ ಉಳಿಯುತ್ತವೆ.

ಪ್ರಶ್ನೆ (ಬೆಂಗಳೂರು): ನನಗೆ 68 ವರ್ಷ. ಮಂಡಿ ನೋವು, ಮಣಿಕಟ್ಟಿನಲ್ಲೂ ಬಲ ಇಲ್ಲ. ತೋಟ ಬಿಡಲು ಮನಸ್ಸಿಲ್ಲ.

ಉತ್ತರ: ಬಿಡಬೇಡಿ ಅಮ್ಮ. ಹತ್ತು ಲೀಟರಿನ ನೀರಿನ ಕ್ಯಾನ್ ತುಂಬಿದರೆ ನೀರೇ ಹತ್ತು ಕೆ.ಜಿ. ಆಯಿತು. ಐದು ಲೀಟರಿನದು ತೆಗೆದುಕೊಂಡು ಅರ್ಧರ್ಧ ತುಂಬಿಸಿ. ಕೂತು ಕಳೆ ಕೀಳುವ ಬದಲು ಉದ್ದ ಕಾವಿನ ಕಳೆ ಗುದ್ದಲಿಯಿಂದ ನಿಂತೇ ಕೆರೆಯಿರಿ. ತೆಳು ಹಿಡಿಯನ್ನು ಬಿಗಿಯಾಗಿ ಹಿಡಿಯಬೇಕಾಗುತ್ತದೆ, ಮಣಿಕಟ್ಟು ನೋಯುವುದು ಅದಕ್ಕೇ. ಹಿಡಿಗೆ ಹಳೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿಕೊಳ್ಳಿ. ಕುಂಡಗಳನ್ನು ಸೊಂಟದ ಎತ್ತರಕ್ಕೆ ಸ್ಟ್ಯಾಂಡಿನ ಮೇಲಿಟ್ಟರೆ ಬಗ್ಗುವ ಕೆಲಸವೂ ಕಡಿಮೆ.

ಪ್ರಶ್ನೆ (ಮೈಸೂರಿನವರೇ): ತುಕ್ಕು ಹಿಡಿಯದಂತೆ ಏನು ಮಾಡಲಿ? ಆಯುಧ ಪೂಜೆಗೆ ಮಾತ್ರ ತೊಳೆದು ಕುಂಕುಮ ಇಡುವ ಅಭ್ಯಾಸ ನಮ್ಮದು.

ಉತ್ತರ: ಪೂಜೆ ಇರಲಿ, ಆ ದಿನ ಸಾಣೆಯನ್ನೂ ಹಿಡಿಸಿ. ಉಳಿದ ದಿನ ಕೆಲಸ ಮುಗಿದ ಕೂಡಲೇ ಮಣ್ಣು ಒರೆಸಿ, ಒಣಗಿಸಿ, ಅಲಗಿಗೆ ಎಣ್ಣೆಯ ಬಟ್ಟೆ ಸವರಿ. ತುಕ್ಕು ಹಿಡಿದಿದ್ದರೆ ಉಪ್ಪು ಕಾಗದದಿಂದ ಉಜ್ಜಿ. ಮರದ ಹಿಡಿಗೆ ವರ್ಷಕ್ಕೆ ಎರಡು ಸಲ ಅಗಸೆ ಎಣ್ಣೆ ಹಚ್ಚಿದರೆ ಬಿರುಕು ಬಿಡುವುದಿಲ್ಲ. ಗುದ್ದಲಿಯ ಕಾವು ಸಡಿಲವಾದರೆ ಹಾಗೇ ಬೀಸಬೇಡಿ, ಅಲಗು ಕಳಚಿ ಕಾಲಿಗೆ ಬೀಳುತ್ತದೆ. ಮೊದಲು ಬೆಣೆ ಹೊಡೆಸಿ.

ಹಳೆಯ ಸೆಟ್ ಎಸೆಯಬೇಡಿ. ಅದರ ಸನಿಕೆಯ ಕತ್ತನ್ನು ನೆಟ್ಟಗೆ ಮಾಡಿ, ಗೊಬ್ಬರ ಹಾಕಲು ಟೆರೇಸಿನಲ್ಲೇ ಇಟ್ಟುಕೊಳ್ಳಿ.